ಯೀಸ್ಟ್ ಸ್ಟಾರ್ಟರ್ ಕಿಟ್: ಫ್ಲಾಸ್ಕ್, ಸ್ಟಿರ್ ಪ್ಲೇಟ್, ಕ್ಯಾನ್ ವರ್ಟ್ ಪೈಕಿ ಯಾವುದಕ್ಕೆ ದುಡ್ಡು ಹಾಕಬೇಕು?

ಸ್ಟಾರ್ಟರ್ ಅಂದರೆ ಬಿಯರ್‌ಗೆ ಹಾಕುವ ಮೊದಲು ಯೀಸ್ಟನ್ನು ಸ್ವಲ್ಪ ವರ್ಟಿನಲ್ಲಿ (ಮಾಲ್ಟಿನ ಸಿಹಿ ನೀರು, ಹುದುಗಿ ಬಿಯರ್ ಆಗುವುದು ಇದೇ) ಬೆಳೆಸಿಕೊಳ್ಳುವುದು. ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವವರ ಹೋಮ್‌ಬ್ರೂ ಅಂಗಡಿಗಳಲ್ಲಿ ‘ಯೀಸ್ಟ್ ಸ್ಟಾರ್ಟರ್ ಕಿಟ್’ ಅಂತ ಮಾರುವ ಡಬ್ಬಿ ತೆರೆದರೆ ಒಳಗೆ ಸಿಗುವುದು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಒಂದು ಅಥವಾ ಎರಡು ಲೀಟರಿನ ಬೋರೋಸಿಲಿಕೇಟ್ ಗಾಜಿನ ಫ್ಲಾಸ್ಕ್ (ಪಿಯುಸಿ ಲ್ಯಾಬಿನ ಟೈಟ್ರೇಷನ್ ಫ್ಲಾಸ್ಕಿನ ದೊಡ್ಡಣ್ಣ), ಅದರ ಬಾಯಿಗೆ ಸಿಕ್ಕಿಸುವ ಸ್ಪಂಜಿನ ಬಿರಡೆ, ಒಂದಿಷ್ಟು ಡ್ರೈ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ (ಮುಂದೆ ಹೇಳುವ ಮಾಲ್ಟ್ ಪುಡಿ ಇದೇ), ಸ್ವಲ್ಪ ಯೀಸ್ಟ್ ನ್ಯೂಟ್ರಿಯೆಂಟ್, ಕೆಲವು ಕಿಟ್‌ಗಳಲ್ಲಿ ನೊರೆ ತಗ್ಗಿಸುವ ಹನಿಗಳ ಪುಟ್ಟ ಸೀಸೆ. ಫ್ಲಾಸ್ಕನ್ನು ಮೇಲಿಟ್ಟರೆ ಒಳಗಿನದನ್ನು ಕಲಕುತ್ತಿರುವ ಯಂತ್ರವಾದ ಸ್ಟಿರ್ ಪ್ಲೇಟ್‌ಗೆ ಸಾಮಾನ್ಯವಾಗಿ ಬೇರೆ ದುಡ್ಡು. ಮೊದಲ ಸಲ ದ್ರವ ಯೀಸ್ಟ್ ಕೊಳ್ಳಲು ಹೋದವರಿಗೆ ಈ ಕಿಟ್ಟನ್ನೂ ಜೊತೆಗೆ ಕೊಳ್ಳಿ ಎನ್ನುವ ಸಲಹೆ ಸಿಕ್ಕೇ ಸಿಗುತ್ತದೆ.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಕಿಟ್‌ನಲ್ಲಿ ಕಣ್ಣು ಸೆಳೆಯುವುದು ಫ್ಲಾಸ್ಕ್, ಹೊಸಬರಿಗೆ ಎಲ್ಲಕ್ಕಿಂತ ಕಡಿಮೆ ಬೇಕಾದದ್ದೂ ಅದೇ. ಅದೇ ದುಡ್ಡಿಗೆ ಕ್ಯಾನಿನಲ್ಲಿ ಬರುವ ಸಿದ್ಧ ವರ್ಟ್ ಒಂದೆರಡು, ನಾಲ್ಕು ಲೀಟರ್ ಹಿಡಿಯುವ ಒಂದು ಗಾಜಿನ ಜಗ್, ಒಂದು ಸೀಸೆ ಸ್ಯಾನಿಟೈಸರ್ ಕೊಂಡರೆ ಮೊದಲ ವರ್ಷ ನಿಶ್ಚಿಂತೆ. ವರ್ಷಕ್ಕೆ ಎಂಟು ಹತ್ತು ಬ್ಯಾಚ್ ಮಾಡುವ ಮಟ್ಟಕ್ಕೆ ಬಂದ ಮೇಲೆ ಸ್ಟಿರ್ ಪ್ಲೇಟ್ ಕೊಳ್ಳಿ, ಫ್ಲಾಸ್ಕ್ ಆಗ ಅದರ ಹಿಂದೆಯೇ ಬರುತ್ತದೆ.

ಇದು ಮನೆಯಲ್ಲಿ ಬಿಯರ್ ಮಾಡಲು ಕಾನೂನು ಬಿಡುವ ಕಡೆ ಇರುವವರಿಗಾಗಿ ಬರೆದದ್ದು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್, ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹಾಗಾಗಿ ಊರಿಗೆ ಹೋಗುವಾಗ ಈ ಕಿಟ್ ಸೂಟ್‌ಕೇಸಿಗೆ ಬೇಡ.

ದುಡ್ಡು ಬಿಚ್ಚುವ ಮುಂಚೆ ಸ್ಟಾರ್ಟರ್ ಬೇಕೇ ಬೇಕಾ ಅಂತ ನೋಡಿಕೊಳ್ಳಿ. ಒಣ ಯೀಸ್ಟ್‌ಗೆ ಬೇಡವೇ ಬೇಡ. ಫರ್ಮೆಂಟಿಸ್ ಕಂಪನಿಯ ಸಾಫ್‌ಏಲ್ ಯುಎಸ್-05 ತರಹದ 11.5 ಗ್ರಾಂ ಪ್ಯಾಕೆಟ್ಟಿನ ಯೀಸ್ಟನ್ನು ಒಣಗಿಸುವ ಮೊದಲೇ ಹೊಟ್ಟೆ ತುಂಬ ಉಣ್ಣಿಸಿರುತ್ತಾರೆ. ಕೋಶದ ಪೊರೆ ಕಟ್ಟಲು ಬೇಕಾದ ಸ್ಟೆರಾಲ್ ಮೊದಲೇ ಅದರಲ್ಲಿ ಶೇಖರವಾಗಿರುತ್ತದೆ. ಅದನ್ನು ತೆಳು ವರ್ಟಿನಲ್ಲಿ ಹಾಕಿ ಬೆಳೆಸಲು ಹೋದರೆ ಆ ಶೇಖರಣೆ ಖರ್ಚಾಗುತ್ತದೆ, ಲಾಭ ಏನೂ ಇಲ್ಲ. ಜಾಸ್ತಿ ಯೀಸ್ಟ್ ಬೇಕಿದ್ದರೆ ಇನ್ನೊಂದು ಪ್ಯಾಕೆಟ್ ಕತ್ತರಿಸಿ ಸುರಿಯಿರಿ, ಅದು ಸ್ಟಾರ್ಟರಿಗಿಂತ ಸುಲಭ. ಲಾಗರ್ (ತಂಪಿನಲ್ಲಿ ಹುದುಗಿಸುವ ಬಿಯರ್) ಮಾಡುವವರು ಡಬ್ಲ್ಯು-34/70 ಎಂಬ ಒಣ ಯೀಸ್ಟನ್ನು ಎರಡು ಪ್ಯಾಕೆಟ್ ಹಾಕುವುದು ಇದಕ್ಕೇ.

ದ್ರವ ಯೀಸ್ಟಿನ ಲೆಕ್ಕ ಬೇರೆ. ಬ್ರೂವರ್‌ಗಳು ಬಳಸುವ ಅಳತೆ ಇದು: ಏಲ್ (ಲಾಗರ್‌ಗಿಂತ ಬೆಚ್ಚಗೆ ಹುದುಗಿಸುವ ಬಿಯರ್) ಆದರೆ ಒಂದು ಮಿಲಿಲೀಟರ್ ವರ್ಟ್‌ಗೆ, ಪ್ರತಿ ಡಿಗ್ರಿ ಪ್ಲೇಟೋಗೆ (ವರ್ಟಿನಲ್ಲಿ ಕರಗಿದ ಸಕ್ಕರೆಯ ಶೇಕಡಾವಾರು ಅಳತೆ) 7.5 ಲಕ್ಷ ಕೋಶ. ಲಾಗರ್ ಆದರೆ ಅದರ ದುಪ್ಪಟ್ಟು. ಮಾಮೂಲಿ 19 ಲೀಟರ್ ಬ್ಯಾಚ್, ಗ್ರ್ಯಾವಿಟಿ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, 1.050 (12.4 ಪ್ಲೇಟೋ) ಅಂದುಕೊಂಡರೆ ಏಲ್‌ಗೆ ಸುಮಾರು 177 ಬಿಲಿಯನ್, ಲಾಗರ್‌ಗೆ 350 ದಾಟುತ್ತದೆ. ನಮ್ಮ ಲೆಕ್ಕದಲ್ಲಿ ಒಂದು ಬಿಲಿಯನ್ ನೂರು ಕೋಟಿ, ಹಾಗಾಗಿ ಅಂಕಿ ನೋಡಿ ಗಾಬರಿಯಾಗಬೇಡಿ. ವೈಈಸ್ಟ್ ಕಂಪನಿಯ 125 ಮಿಲಿ ‘ಆಕ್ಟಿವೇಟರ್’ ಪ್ಯಾಕ್‌ನಲ್ಲಿ ತಾಜಾ ಇದ್ದಾಗ ಕನಿಷ್ಠ 100 ಬಿಲಿಯನ್, ಒಮೇಗಾ ಕಂಪನಿಯ ಪೌಚ್‌ನಲ್ಲಿ 150 ಬಿಲಿಯನ್. ಫ್ರಿಜ್ಜಿನಲ್ಲಿ ಕೂತಷ್ಟೂ ಜೀವಂತ ಕೋಶ ಇಳಿಯುತ್ತಾ ಹೋಗುತ್ತದೆ. ತಿಂಗಳಿಗೆ ಸುಮಾರು ಐದನೇ ಒಂದು ಭಾಗ ಅಂತ ಹಳೆಯ ಕ್ಯಾಲ್ಕ್ಯುಲೇಟರ್‌ಗಳು ಹಿಡಿಯುತ್ತವೆ. ಅದು ಕೊಂಚ ಬಿಗಿ ಲೆಕ್ಕವೇ, ಆದರೆ ಬಿಗಿಯಾಗಿದ್ದರೆ ನಷ್ಟವಿಲ್ಲ. ಎರಡು ತಿಂಗಳು ಹಳೆಯ 100ರ ಪ್ಯಾಕ್‌ನಲ್ಲಿ 60 ಉಳಿದಿದೆ ಅಂದುಕೊಳ್ಳಿ. ಬೇಕಿರುವುದು 177. ಈ ಅಂತರ ತುಂಬಿಸುವುದೇ ಸ್ಟಾರ್ಟರಿನ ಕೆಲಸ.

ಅಂತರ ತುಂಬಿಸದೆ ಹಾಗೇ ಸುರಿದರೂ ಬಿಯರ್ ಆಗುತ್ತದೆ. ಆದರೆ ನೊರೆ ಏಳಲು ಒಂದೂವರೆ ದಿನ ಹಿಡಿಯಬಹುದು, ಆ ಖಾಲಿ ಸಮಯದಲ್ಲಿ ಬೇರೆ ಸೂಕ್ಷ್ಮಜೀವಿಗಳು ಜಾಗ ಹಿಡಿಯಬಹುದು, ಹಣ್ಣಿನ ವಾಸನೆ ಬೇಡದ ಬಿಯರ್‌ನಲ್ಲೂ ಅದು ಬರಬಹುದು, ಭಾರದ ಬಿಯರ್ ಆದರೆ 1.025ರ ಹತ್ತಿರ ನಿಂತು ಮುಂದೆ ಇಳಿಯದೆ ಕಾಡಬಹುದು. ಅದೇ 1.040ರ ಹಗುರ ಏಲ್‌ಗೆ ತಾಜಾ 150 ಬಿಲಿಯನ್ ಪೌಚ್ ಇದ್ದರೆ (ಬೇಕಿರುವುದು 140ರ ಆಸುಪಾಸು) ಸ್ಟಾರ್ಟರ್ ಮಾಡುವುದು ಬರೀ ಹವ್ಯಾಸ.

ವೈಈಸ್ಟ್ ಪ್ಯಾಕ್ ಬಗ್ಗೆ ಒಂದು ಗೊಂದಲ ತುಂಬ ಜನರಿಗಿದೆ. ಒಳಗಿನ ಪುಟ್ಟ ಚೀಲವನ್ನು ಅಂಗೈಯಿಂದ ಗುದ್ದಿ ಒಡೆದರೆ ಪ್ಯಾಕ್ ಉಬ್ಬುತ್ತದೆ. ಉಬ್ಬಿತು, ಸ್ಟಾರ್ಟರ್ ಆಯಿತು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. ಆ ಚೀಲದಲ್ಲಿರುವುದು ಯೀಸ್ಟನ್ನು ಎಬ್ಬಿಸಲು ಬೇಕಾದಷ್ಟು ಪೋಷಕ ದ್ರವ ಮಾತ್ರ. ಕೋಶದ ಎಣಿಕೆ ಹೇಳಿಕೊಳ್ಳುವಷ್ಟು ಏರುವುದಿಲ್ಲ. ಹಾಗೆಯೇ ಉಬ್ಬದ ಪ್ಯಾಕ್ ಸತ್ತಿದೆ ಎಂದೂ ಅಲ್ಲ. ಹಳೆಯದಾದಷ್ಟೂ ನಿಧಾನ, ಅಷ್ಟೆ.

ಈಗ ಕಿಟ್‌ನ ಸಾಮಾನು. ಫ್ಲಾಸ್ಕಿನ ಆಕರ್ಷಣೆ ಗೊತ್ತಿರುವುದೇ: ಇದರಲ್ಲೇ ಕುದಿಸಿ, ಇದರಲ್ಲೇ ತಣಿಸಿ, ಇದರಲ್ಲೇ ಬೆಳೆಸಿ, ಪಾತ್ರೆ ಬದಲಿಸುವ ತಾಪತ್ರಯವಿಲ್ಲ. ಹೇಳಲು ಚಂದ. ಮಾಡಲು ಹೋದಾಗ ಮೊದಲು ಕೈಕೊಡುವುದು ಕತ್ತು. ಮಾಲ್ಟ್ ಪುಡಿ ತೇವ ಕಂಡರೆ ಸಾಕು, ಅಂಟಾಗುತ್ತದೆ. ಬಿಸಿನೀರಿನ ಆವಿ ಬರುತ್ತಿರುವ ಕತ್ತಿಗೆ ಫನಲ್ ಇಟ್ಟು ಪುಡಿ ಸುರಿದರೆ ಎರಡನೇ ಚಮಚಕ್ಕೇ ಫನಲ್ಲಿನ ತೂತು ಕಟ್ಟಿ, ಟಾಫಿಯಂಥ ಮುದ್ದೆಯನ್ನು ಚಮಚದ ಹಿಡಿಯಿಂದ ಕೆದಕುತ್ತಾ ನಿಲ್ಲಬೇಕಾಗುತ್ತದೆ. ಇನ್ನು ಕುದಿ ಹತ್ತಿದಾಗ ನೊರೆಗೆ ಹರಡಿಕೊಳ್ಳಲು ಜಾಗವೇ ಇಲ್ಲ. ಕತ್ತು ಕಿರಿದಾದ್ದರಿಂದ ಒಂದೇ ಸಲಕ್ಕೆ ಚಿಮ್ಮಿ ಒಲೆಯ ಮೇಲೆಲ್ಲ ಸಕ್ಕರೆ ಪಾಕ. ಗ್ಲಾಸ್‌ಟಾಪ್ ಒಲೆಯಲ್ಲಿ ಅದು ಸುಟ್ಟು ಹಿಡಿದರೆ ಕೆರೆದು ತೆಗೆಯಲು ಅರ್ಧ ದಿನ. ಕುದಿಯುವ ಫ್ಲಾಸ್ಕನ್ನು ನೇರ ಐಸ್ ನೀರಿಗೆ ಇಳಿಸಬಹುದು ಅನ್ನುವ ಭರವಸೆಯನ್ನೂ ಹುಷಾರಾಗಿ ತೆಗೆದುಕೊಳ್ಳಿ. ಒಳ್ಳೆಯ ಬೋರೋಸಿಲಿಕೇಟ್ ತಡೆಯುತ್ತದೆ ನಿಜ, ಆದರೆ ಗೀರು ಬಿದ್ದ ಅಥವಾ ಗೋಡೆಯ ದಪ್ಪ ಸಮನಾಗಿಲ್ಲದ ಅಗ್ಗದ ಗಾಜು ತಡೆಯಬೇಕೆಂದಿಲ್ಲ. ಒಡೆದರೆ ಕೈಯಲ್ಲಿರುವುದು ಒಂದೂವರೆ ಲೀಟರ್ ಕುದಿಯುವ ಪಾಕ.

ಅಳತೆಯ ತಕರಾರೂ ಇದೆ. ಒಂದು ಲೀಟರಿನ ಫ್ಲಾಸ್ಕಿರುವ ಅಗ್ಗದ ಕಿಟ್ ದುಡ್ಡು ದಂಡ: ನೊರೆಗೆ ಜಾಗ ಬಿಟ್ಟರೆ ಅದರಲ್ಲಿ ಹಿಡಿಯುವುದು 700 ಮಿಲಿ, ಅಷ್ಟರಲ್ಲಿ ಬೆಳೆಯುವ ಯೀಸ್ಟ್ ಮೇಲಿನ ಲೆಕ್ಕಕ್ಕೆ ಸಾಲದು. ಎರಡು ಲೀಟರಿನದಕ್ಕೆ 1.5 ಲೀಟರ್ ಮಿತಿ. ಲಾಗರ್ ಮಾಡುವವರಿಗೆ ಐದು ಲೀಟರಿನದ್ದು ಬೇಕು, ಅದನ್ನು ತೊಳೆಯುವ ಬ್ರಷ್ಷೂ ಬೇಕು.

ಹೀಗಾಗಿ ವರ್ಟನ್ನು ಸಾದಾ ಸ್ಟೀಲ್ ಪಾತ್ರೆಯಲ್ಲೇ ಮಾಡಿ. ಅಳತೆ ನೆನಪಿಡಲು ಸುಲಭ, ಪ್ರತಿ ಲೀಟರಿಗೆ 100 ಗ್ರಾಂ ಮಾಲ್ಟ್ ಪುಡಿ, ಗ್ರ್ಯಾವಿಟಿ 1.037ರ ಸುತ್ತ ಬರುತ್ತದೆ. ಇದಕ್ಕಿಂತ ಗಟ್ಟಿ ಮಾಡಿದರೆ ಹೆಚ್ಚು ಯೀಸ್ಟ್ ಬೆಳೆದೀತು ಅನ್ನಿಸಬಹುದು. ಆದರೆ ಗಟ್ಟಿ ವರ್ಟ್, ಹೆಚ್ಚು ಆಲ್ಕೋಹಾಲ್ ಎರಡೂ ಯೀಸ್ಟನ್ನು ದಣಿಸುತ್ತವೆ, ನಮಗೆ ಬೇಕಿರುವುದು ದಣಿಯದ ಯೀಸ್ಟ್. 1.030ರಿಂದ 1.040ರೊಳಗೆ ಇದ್ದರೆ ಸರಿ. ಕುದಿಯಲ್ಲಿ ಆರಿಹೋಗುವುದಕ್ಕೆಂದು 1.1 ಲೀಟರ್ ನೀರು ತೆಗೆದುಕೊಂಡು, ಪುಡಿಯನ್ನು ತಣ್ಣೀರಿರುವಾಗಲೇ ಹಾಕಿ ಗಂಟಿಲ್ಲದಂತೆ ಕಲಕಿ, ಆಮೇಲೆ ಒಲೆ ಹಚ್ಚಿ. ಮೊದಲ ಉಕ್ಕು ಬರುವವರೆಗೆ ಪಾತ್ರೆ ಬಿಟ್ಟು ಅಲುಗಬೇಡಿ. ಉಕ್ಕು ಇಳಿದ ಮೇಲೆ ಕಾಲು ಚಮಚ ನ್ಯೂಟ್ರಿಯೆಂಟ್ ಹಾಕಿ 10–15 ನಿಮಿಷ ಕುದಿಸಿ, ಮುಚ್ಚಳ ಹಾಕಿ, ಸಿಂಕಿನಲ್ಲಿ ತಣ್ಣೀರು ತುಂಬಿ ಪಾತ್ರೆ ಕೂರಿಸಿ. 20–24 ಡಿಗ್ರಿ ಸೆಲ್ಸಿಯಸ್‌ಗೆ ಬಂದ ಮೇಲೆಯೇ ಯೀಸ್ಟ್.

ಮಾಲ್ಟ್ ಪುಡಿ ಖಾಲಿಯಾಗಿದೆ ಅಂತ ಸಕ್ಕರೆ ನೀರಿನಲ್ಲಿ ಮಾಡುವ ಯೋಚನೆ ಬೇಡ. ಸಕ್ಕರೆಯಲ್ಲಿ ಸಾರಜನಕವೂ ಇಲ್ಲ, ಖನಿಜವೂ ಇಲ್ಲ. ಅದರ ಮೇಲೇ ಬೆಳೆದ ಯೀಸ್ಟ್ ವರ್ಟಿನ ಮುಖ್ಯ ಸಕ್ಕರೆಯಾದ ಮಾಲ್ಟೋಸ್ ಎದುರಾದಾಗ ತಡವರಿಸುತ್ತದೆ. ಹಾರ್ಲಿಕ್ಸ್ ಡಬ್ಬಿಯ ಮೇಲೂ ಮಾಲ್ಟ್ ಅಂತ ಇರುತ್ತದೆ ಅನ್ನುವವರಿಗೆ: ಅದರಲ್ಲಿ ಹಾಲಿನ ಪುಡಿ, ಸಕ್ಕರೆ ಎಲ್ಲ ಬೆರೆತಿರುತ್ತದೆ, ಈ ಕೆಲಸಕ್ಕೆ ಆಗದು. ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂವು) ಬೆರೆಸಿದ ಎಕ್ಸ್‌ಟ್ರ್ಯಾಕ್ಟ್ ಕೂಡ ಬೇಡ.

ನೊರೆ ತಗ್ಗಿಸುವ ಹನಿ, ಫರ್ಮ್‌ಕ್ಯಾಪ್-ಎಸ್, ಕಿಟ್‌ನಲ್ಲಿ ನಿಜಕ್ಕೂ ಉಪಯೋಗದ ಸಾಮಾನು. ಸಿಲಿಕೋನ್ ಆಧಾರಿತ, ಒಂದೆರಡು ಹನಿ ಸಾಕು, ಉಕ್ಕುವುದು ಅಲ್ಲೇ ಕೂರುತ್ತದೆ. ಬಳಸುವ ಮೊದಲು ಸೀಸೆ ಅಲ್ಲಾಡಿಸಿ, ಫ್ರಿಜ್ಜಿನಲ್ಲಿಡಿ. ಬೇರೆ ಏನೂ ಕೊಳ್ಳದವರೂ ಇದೊಂದನ್ನು ಕೊಳ್ಳಬಹುದು. ಬಿಯರ್ ಹುದುಗುವ ಪಾತ್ರೆಯಾದ ಫರ್ಮೆಂಟರಿನಲ್ಲೂ ಕೆಲಸಕ್ಕೆ ಬರುತ್ತದೆ.

ಸ್ಯಾನಿಟೈಸರ್ ಕಿಟ್‌ನಲ್ಲಿ ಇರುವುದೇ ಅಪರೂಪ, ಬೇಕಾದದ್ದು ಮಾತ್ರ ಅದೇ. ಸ್ಟಾರ್ ಸ್ಯಾನ್ ಆದರೆ ಲೀಟರ್ ನೀರಿಗೆ 1.6 ಮಿಲಿ, ತಗುಲಿದ ಮೇಲೆ ಒಂದೆರಡು ನಿಮಿಷ. ಉಳಿದ ನೊರೆಯನ್ನು ತೊಳೆಯಬೇಡಿ, ತೊಳೆದರೆ ಮಾಡಿದ ಕೆಲಸ ದಂಡ. ಗಡಸು ನೀರಿನಲ್ಲಿ ಮಾಡಿಟ್ಟ ದ್ರಾವಣ ಬೇಗ ಮಬ್ಬಾಗುತ್ತದೆ. ಪಿಎಚ್ 3ಕ್ಕಿಂತ ಕೆಳಗಿರುವವರೆಗೆ ಬಳಸಬಹುದು. ಜಗ್, ಫಾಯಿಲ್, ಫನಲ್, ಯೀಸ್ಟ್ ಪೌಚ್‌ನ ಹೊರಮೈ, ಕತ್ತರಿಯ ಬಾಯಿ ಎಲ್ಲಕ್ಕೂ ತಾಗಬೇಕು. ಹೆಚ್ಚಿನವರು ಮರೆಯುವುದು ಕತ್ತರಿಯನ್ನು. ನಮ್ಮ ಮನೆಗಳಿಗೆ ಇನ್ನೊಂದು ಮಾತು ಅಗತ್ಯ: ದೋಸೆ ಹಿಟ್ಟು ಹುದುಗುತ್ತಿರುವ, ಮೊಸರು ಹೆಪ್ಪಾಗುತ್ತಿರುವ ಕಟ್ಟೆಯ ಮೇಲೆ ಸ್ಟಾರ್ಟರ್ ಇಡಬೇಡಿ. ಅಲ್ಲಿ ಲ್ಯಾಕ್ಟೋಬ್ಯಾಸಿಲಸ್ ಸಂತತಿ ಧಾರಾಳವಾಗಿರುತ್ತದೆ, ಹಾಪ್ಸ್ ಇಲ್ಲದ ಈ ತೆಳು ವರ್ಟ್ ಅವಕ್ಕೆ ಹೇಳಿ ಮಾಡಿಸಿದ ಊಟ. ಹಿಟ್ಟು ರುಬ್ಬುವ ದಿನ ಬೇರೆ, ಸ್ಟಾರ್ಟರ್ ಮಾಡುವ ದಿನ ಬೇರೆ ಇರಲಿ.

ಸ್ಟಿರ್ ಪ್ಲೇಟ್ ದುಡ್ಡಿಗೆ ತಕ್ಕ ಕೆಲಸ ಮಾಡುವ ಯಂತ್ರ. ಒಳಗಿನ ಮ್ಯಾಗ್ನೆಟ್ ತಿರುಗಿದಂತೆ ಫ್ಲಾಸ್ಕಿನ ತಳದಲ್ಲಿರುವ ಟೆಫ್ಲಾನ್ ಹೊದಿಸಿದ ಕಡ್ಡಿ ತಿರುಗುತ್ತದೆ. ಯೀಸ್ಟ್ ತಳಕ್ಕೆ ಕೂರದೆ ಆಹಾರದ ಮಧ್ಯೆ ತೇಲುತ್ತಿರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತಿರುತ್ತದೆ, ಮೇಲಿನಿಂದ ಆಮ್ಲಜನಕ ಸ್ವಲ್ಪ ಸ್ವಲ್ಪ ಬೆರೆಯುತ್ತಿರುತ್ತದೆ. ಕೋಶ ಮೊಗ್ಗೊಡೆದು ಎರಡಾಗಲು ಸ್ಟೆರಾಲ್ ಬೇಕು, ಸ್ಟೆರಾಲ್ ತಯಾರಿಗೆ ಆಮ್ಲಜನಕ ಬೇಕು. ಹೋಮ್‌ಬ್ರೂವರ್‌ಗಳು ನೆಚ್ಚಿಕೊಂಡಿರುವ ಕಾಯ್ ಟ್ರೋಸ್ಟರ್ ಅವರ ಪ್ರಯೋಗಗಳ ಲೆಕ್ಕದಲ್ಲಿ ಸ್ಟಿರ್ ಪ್ಲೇಟ್ ಮೇಲೆ ಪ್ರತಿ ಗ್ರಾಂ ಮಾಲ್ಟ್ ಪುಡಿಗೆ ಸುಮಾರು 1.4 ಬಿಲಿಯನ್ ಹೊಸ ಕೋಶ. ಒಂದು ಲೀಟರಿನ 100 ಗ್ರಾಂಗೆ 140; ಮೊದಲಿದ್ದ 60 ಸೇರಿದರೆ 200. ನಮ್ಮ 177ರ ಏಲ್‌ಗೆ ಸಾಕು. ಕಲಕದೆ ಸುಮ್ಮನೆ ಇಟ್ಟರೆ ಇದರ ಅರ್ಧವೂ ಬರುವುದಿಲ್ಲ, ಎರಡು ಲೀಟರ್ ಮಾಡಿದರೂ ಗುರಿ ಮುಟ್ಟುವುದು ಕಷ್ಟ.

ಕೊಳ್ಳುವಾಗ ವೇಗ ಎಷ್ಟಿದೆ ಎಂದು ಕೇಳುವುದಕ್ಕಿಂತ ಅತಿ ನಿಧಾನವಾಗಿ ಶುರುವಾಗುತ್ತದೆಯೇ ಎಂದು ಕೇಳಿ. ಹೊಸಬರ ಗೋಳೆಲ್ಲ ಕಡ್ಡಿ ಜಾರುವುದರಲ್ಲೇ ಇದೆ. ಗುಂಡಿ ತಿರುಗಿಸಿದ ಕೂಡಲೇ ಜೋರಾಗಿ ಓಡುವ ಅಗ್ಗದ ಪ್ಲೇಟ್‌ಗಳಲ್ಲಿ ಕಡ್ಡಿ ಹಿಡಿತ ತಪ್ಪಿ ಗಾಜಿಗೆ ಟಕಟಕ ಬಡಿಯುತ್ತದೆ. ಫ್ಲಾಸ್ಕಿನ ತಳ ಒಳಕ್ಕೆ ಉಬ್ಬಿದ್ದರೂ ಹೀಗೇ. ಯೀಸ್ಟ್ ಪ್ಯಾಕ್ ತೆರೆಯುವ ಮೊದಲು ಬರೀ ನೀರು ತುಂಬಿ ಒಂದು ರಾತ್ರಿ ಓಡಿಸಿ ನೋಡಿ. ಬೆಳಿಗ್ಗೆಯೂ ಕಡ್ಡಿ ನಡುವೆಯೇ ತಿರುಗುತ್ತಿದ್ದರೆ ಆ ಜೋಡಿ ನಂಬಬಹುದು. ಎರಡು ಲೀಟರ್ ಫ್ಲಾಸ್ಕಿಗೆ 25ರಿಂದ 40 ಮಿಲಿಮೀಟರ್ ಕಡ್ಡಿ ಸರಿಹೋಗುತ್ತದೆ. ಸುಳಿ ತಳಮುಟ್ಟಬೇಕು ಅಂತೇನಿಲ್ಲ, ಮೇಲ್ಮೈಯಲ್ಲಿ ಒಂದು ಸಣ್ಣ ಗುಳಿ ಕಂಡರೆ ಸಾಕು. ಬಾಯಿಗೆ ಸ್ಪಂಜ್ ಬಿರಡೆ ಅಥವಾ ಸಡಿಲವಾಗಿ ಮುಚ್ಚಿದ ಫಾಯಿಲ್. ಏರ್‌ಲಾಕ್ (ಗ್ಯಾಸ್ ಹೊರಬಿಟ್ಟು ಗಾಳಿಯನ್ನು ಒಳಬಿಡದ ಬಿರಡೆ) ಹಾಕಿದರೆ ಬೇಕಾದ ಗಾಳಿಯನ್ನೇ ತಡೆದಂತೆ. ಕೈಕೆಲಸ ಬರುವವರು ಹಳೆಯ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್, ಎರಡು ನಿಯೋಡಿಮಿಯಮ್ ಮ್ಯಾಗ್ನೆಟ್, ಒಂದು ವೇಗ ನಿಯಂತ್ರಕ ಹಾಕಿ ತಾವೇ ಮಾಡಿಕೊಳ್ಳಬಹುದು. ಮ್ಯಾಗ್ನೆಟ್ ಒಂದರ ಉತ್ತರ ಧ್ರುವ ಮೇಲಿದ್ದರೆ ಇನ್ನೊಂದರ ದಕ್ಷಿಣ ಮೇಲಿರಬೇಕು, ಎರಡರ ನಡುವಿನ ಅಂತರ ಕಡ್ಡಿಯ ಉದ್ದಕ್ಕೆ ಹೊಂದಬೇಕು. ಅಂಗಡಿಯ ಎಷ್ಟೋ ಪ್ಲೇಟ್‌ಗಳ ಒಳಗಿರುವುದೂ ಇದೇ.

ಹೊಸಬರಿಗೆ ನಾವು ಹೇಳುವ ವಸ್ತು ಕ್ಯಾನ್ ವರ್ಟ್. ಒಮೇಗಾ ಯೀಸ್ಟ್‌ನ ‘ಪ್ರಾಪರ್ ಸ್ಟಾರ್ಟರ್’ ಇದರಲ್ಲಿ ಹೆಸರಾದದ್ದು, ನಾರ್ದರ್ನ್ ಬ್ರೂವರ್‌ನ ‘ಫಾಸ್ಟ್ ಪಿಚ್’ ಅದೇ ಜಾತಿ. 16 ಔನ್ಸ್ (473 ಮಿಲಿ) ಕ್ಯಾನಿನಲ್ಲಿ ಗಟ್ಟಿ ವರ್ಟ್, ಅಷ್ಟೇ ನೀರು ಬೆರೆಸಿದರೆ ಹತ್ತಿರ ಹತ್ತಿರ ಒಂದು ಲೀಟರ್, ಗ್ರ್ಯಾವಿಟಿ 1.040ರ ಸುಮಾರು. ನ್ಯೂಟ್ರಿಯೆಂಟ್ ಒಳಗೇ ಇದೆ. ಒಲೆ ಹಚ್ಚುವ ಪ್ರಶ್ನೆಯೇ ಇಲ್ಲ: ಕ್ಯಾನಿನ ತಲೆಗೆ ಸ್ಯಾನಿಟೈಸರ್ ಸಿಂಪಡಿಸಿ, ತೆರೆದು ಸುರಿದು, ನೀರು ಬೆರೆಸಿ, ಯೀಸ್ಟ್ ಹಾಕಿ. ಐದು ನಿಮಿಷದ ಕೆಲಸ. ನೀರು ಮಾತ್ರ ನಲ್ಲಿಯದ್ದಾಗಬಾರದು. ಸೀಲ್ ಇರುವ ಬಾಟಲಿ ನೀರು ಅಥವಾ ಕುದಿಸಿ ಆರಿಸಿದ್ದು. ಬೆಲೆ ನೋಡಿದರೆ ಅಷ್ಟೇ ಮಾಲ್ಟ್ ಪುಡಿಗಿಂತ ಎರಡು ಮೂರು ಪಟ್ಟು. ತಿಂಗಳಿಗೊಮ್ಮೆ ಬ್ರೂ ಮಾಡುವವರಿಗೆ, ಅದರಲ್ಲೂ ಲಾಗರ್‌ಗೆಂದು ಎರಡೆರಡು ಕ್ಯಾನ್ ಒಡೆಯುವವರಿಗೆ ಇದು ಜಾಸ್ತಿಯೇ. ವರ್ಷಕ್ಕೆ ಮೂರು ನಾಲ್ಕು ಸಲ ಮಾಡುವವರಿಗೆ ಅಲ್ಲ.

ಇದನ್ನು ನೋಡಿ, ಮನೆಯಲ್ಲೇ ವರ್ಟ್ ಕುದಿಸಿ ಉಪ್ಪಿನಕಾಯಿ ಜಾಡಿಗೆ ಹಾಕಿಟ್ಟರಾಯಿತು ಅಂತ ಹೊರಡುವವರಿದ್ದಾರೆ. ಖಂಡಿತ ಬೇಡ. ವರ್ಟಿನ ಪಿಎಚ್ 5ರ ಮೇಲಿರುತ್ತದೆ. 4.6ಕ್ಕಿಂತ ಹೆಚ್ಚು ಪಿಎಚ್ ಇರುವ ಆಹಾರವನ್ನು ಗಾಳಿಯಾಡದ ಜಾಡಿಯಲ್ಲಿ ಹೊರಗಿಟ್ಟರೆ ಬಾಟ್ಯುಲಿಸಂ ವಿಷದ ಅಪಾಯ, ಬರೀ ಕುದಿಯುವ ನೀರಿಗೆ ಅದರ ಬೀಜಾಣು ಸಾಯುವುದಿಲ್ಲ. ಕ್ಯಾನಿಂಗ್‌ಗೆಂದೇ ಮಾಡಿದ, ಒತ್ತಡದ ಮಾಪಕವಿರುವ ಪ್ರೆಶರ್ ಕ್ಯಾನರ್ ಇಲ್ಲದವರು ಆಯಾ ಸಲಕ್ಕೆ ಬೇಕಾದಷ್ಟೇ ಕುದಿಸಿಕೊಳ್ಳಿ.

ಸ್ಟಿರ್ ಪ್ಲೇಟ್ ಇಲ್ಲದೆ ಕ್ಯಾನ್ ವರ್ಟ್ ಬಳಸುವ ಬಗೆ: ಅಮೆರಿಕದ ದಿನಸಿ ಅಂಗಡಿಗಳಲ್ಲಿ ಸೇಬಿನ ರಸ ಬರುವ ಒಂದು ಗ್ಯಾಲನ್ (3.8 ಲೀಟರ್) ಗಾಜಿನ ಜಗ್ ತೊಳೆದು, ಸ್ಯಾನಿಟೈಸ್ ಮಾಡಿ, ಅದಕ್ಕೆ ಲೀಟರ್ ವರ್ಟ್ ಹಾಕಿ. ಬಿರಡೆ ಬಿಗಿದು, ಒಳಗೆಲ್ಲ ನೊರೆ ತುಂಬುವಂತೆ ಒಂದು ನಿಮಿಷ ಜೋರಾಗಿ ಕುಲುಕಿ. ನೊರೆಯ ಒಂದೊಂದು ಗುಳ್ಳೆಯಲ್ಲೂ ಗಾಳಿ ಇರುತ್ತದೆ, ಆಮ್ಲಜನಕ ಅಲ್ಲಿಂದಲೇ. ಯೀಸ್ಟ್ ಹಾಕಿ, ಬಿರಡೆ ತೆಗೆದು ಫಾಯಿಲ್ ಮುಚ್ಚಿ, ಕಣ್ಣಿಗೆ ಬಿದ್ದಾಗಲೆಲ್ಲ ಒಂದು ಸಲ ತಿರುಗಿಸಿ ಕುಲುಕುತ್ತಿರಿ. 12ರಿಂದ 18 ಗಂಟೆಗೆ ನೊರೆ ಜೋರಾಗಿರುವಾಗಲೇ ಇಡೀ ಲೀಟರನ್ನು ಫರ್ಮೆಂಟರಿಗೆ ಸುರಿಯಬಹುದು. ಎಣಿಕೆ ಸ್ಟಿರ್ ಪ್ಲೇಟಿನಷ್ಟು ಬರುವುದಿಲ್ಲ, ಆದರೆ ಹಸಿದ ಹುರುಪಿನ ಯೀಸ್ಟ್ ಹೋಗುವುದರಿಂದ ಮಾಮೂಲಿ ಏಲ್‌ಗೆ ಕೆಲಸ ನಡೆಯುತ್ತದೆ. ಪ್ಯಾಕ್ ತೀರಾ ಹಳೆಯದಾಗಿರಬಾರದು, ಅಷ್ಟೆ.

ಸ್ಟಾರ್ಟರ್ ಆಯಿತೋ ಇಲ್ಲವೋ ಅನ್ನುವ ಆತಂಕ ಎಲ್ಲರಿಗೂ. ಸ್ಟಿರ್ ಪ್ಲೇಟ್ ಮೇಲೆ ನೊರೆ ಕಾಣದೇ ಇರಬಹುದು, ಅಥವಾ ನೀವು ಮಲಗಿದ್ದಾಗ ಎದ್ದು ಇಳಿದಿರಬಹುದು. ಬಣ್ಣ ನೋಡಿ: ಹಾಕಿದಾಗ ತಿಳಿ ಕಂದಾಗಿದ್ದ ವರ್ಟ್ 24–36 ಗಂಟೆಯಲ್ಲಿ ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಬೆಳೆದಿದೆ. ಫ್ರಿಜ್ಜಿನಲ್ಲಿ ಒಂದೆರಡು ದಿನ ಇಟ್ಟಾಗ ತಳದಲ್ಲಿ ಕೆನೆಬಣ್ಣದ ಪದರ ಕೂರುತ್ತದೆ. ಮೇಲಿನ ದ್ರವ ಬಗ್ಗಿಸಿ ಚೆಲ್ಲಿ, ತಳದಲ್ಲಿ ಕದಡಲು ಬೇಕಾದಷ್ಟು ಉಳಿಸಿಕೊಂಡು, ಕುಲುಕಿ ಹಾಕಿ. ಬಗ್ಗಿಸುವಾಗ ಫ್ಲಾಸ್ಕಿನ ಹೊರಗಿನಿಂದ ಒಂದು ಮ್ಯಾಗ್ನೆಟ್ ಹಿಡಿದುಕೊಂಡರೆ ಕಡ್ಡಿ ಫರ್ಮೆಂಟರ್ ಸೇರುವುದಿಲ್ಲ. ಲಾಗರ್ ಸ್ಟಾರ್ಟರ್ ಒಂದೆರಡು ಲೀಟರ್ ಇರುವುದರಿಂದ ಮೇಲಿನದನ್ನು ಚೆಲ್ಲಲೇಬೇಕು, ಇಲ್ಲದಿದ್ದರೆ ಆ ಹಳಸಲು ರುಚಿ ಬಿಯರ್‌ಗೂ ಬರುತ್ತದೆ. ಇಂಗ್ಲಿಷ್ ಏಲ್ ಯೀಸ್ಟ್‌ಗಳು ಬೇಗ ಕೂರುತ್ತವೆ. ಜರ್ಮನ್ ಗೋಧಿ ಬಿಯರ್‌ನ ಯೀಸ್ಟ್ ಎರಡು ದಿನವಾದರೂ ತೇಲುತ್ತಲೇ ಇದ್ದರೆ ಚೆಲ್ಲಬೇಡಿ, ಚೆಲ್ಲುವುದು ಯೀಸ್ಟನ್ನೇ; ಪೂರ್ತಿ ಹಾಕಿ.

ವಾಸನೆಯ ವಿಷಯ: ಬ್ರೆಡ್ಡಿನ, ಹಣ್ಣಿನ ವಾಸನೆ ಸರಿ. ಲಾಗರ್ ಯೀಸ್ಟಿನಲ್ಲಿ ಕೊಳೆತ ಮೊಟ್ಟೆಯ ಗಂಧಕದ ವಾಸನೆಯೂ ಸರಿಯೇ, ಅದು ಹೋಗುತ್ತದೆ. ವಿನೆಗರಿನ ಚುರುಕು, ಮೇಲೆ ಬಿಳಿ ಪೊರೆ, ಬಣ್ಣದ ಬೂಷ್ಟು ಕಂಡರೆ ಮಾತ್ರ ಯೋಚಿಸಬೇಡಿ, ಚೆಲ್ಲಿ. ಹತ್ತು ಡಾಲರ್ ಯೀಸ್ಟ್ ಉಳಿಸಲು ಹೋಗಿ 19 ಲೀಟರ್ ಕಳೆಯಬಾರದು. ಡಲ್ಲಾಸ್, ಫೀನಿಕ್ಸ್‌ನಂಥ ಸುಡುಬಿಸಿಲಿನ ಊರುಗಳವರು ಮೇ ನಂತರ ದ್ರವ ಯೀಸ್ಟನ್ನು ಆನ್‌ಲೈನ್ ತರಿಸದೆ, ಹತ್ತಿರದ ಅಂಗಡಿಯ ಫ್ರಿಜ್ಜಿನಿಂದ ದಿನಾಂಕ ನೋಡಿ ಕೊಳ್ಳುವುದು ವಾಸಿ. ಐಸ್‌ಪ್ಯಾಕ್‌ಗೆ ಕೊಡುವ ಹೆಚ್ಚುವರಿ ದುಡ್ಡಿಗೆ ಸಿಗುವುದು ಹಲವು ಸಲ ಬಿಸಿನೀರಿನ ಚೀಲ.

ಸ್ಟಿರ್ ಪ್ಲೇಟ್ ಕೊಂಡವರಿಗೆ ಇನ್ನೊಂದು ಲಾಭ ಇದೆ. ಬೇಕಾದದ್ದಕ್ಕಿಂತ ಅರ್ಧ ಲೀಟರ್ ಜಾಸ್ತಿ ಸ್ಟಾರ್ಟರ್ ಮಾಡಿ, ಬ್ಯಾಚ್‌ಗೆ ಹಾಕುವ ಮೊದಲು ಚೆನ್ನಾಗಿ ಕದಡಿ, ಆ ಅರ್ಧ ಲೀಟರನ್ನು ಸ್ಯಾನಿಟೈಸ್ ಮಾಡಿದ ಜಾಡಿಯಲ್ಲಿ ತೆಗೆದಿಟ್ಟರೆ ಮುಂದಿನ ಸಲಕ್ಕೆ ಯೀಸ್ಟ್ ಕೊಳ್ಳಬೇಕಿಲ್ಲ. ಬಿಯರ್‌ನ ತಳದಿಂದ ಎತ್ತಿದ ಯೀಸ್ಟಿಗಿಂತ ಇದು ಶುಭ್ರ, ಹಾಪ್ಸ್ ಗಸಿ ಇರುವುದಿಲ್ಲ. ಯೀಸ್ಟಿನ ಹೆಸರು, ದಿನಾಂಕ, ಎಷ್ಟನೇ ತಲೆಮಾರು ಎಂದು ಚೀಟಿ ಅಂಟಿಸಿ ಫ್ರಿಜ್ಜಿನ ಹಿಂಭಾಗದಲ್ಲಿಡಿ. ಎರಡು ತಿಂಗಳೊಳಗೆ ಬಳಸಿದರೆ ಮತ್ತೆ ಒಂದು ಲೀಟರ್ ಸ್ಟಾರ್ಟರಿಗೆ ಏಳುತ್ತದೆ. ಜಾಡಿಯ ಮುಚ್ಚಳವನ್ನು ಮೊದಲ ವಾರ ಪೂರ್ತಿ ಬಿಗಿಯಬೇಡಿ, ಕಾಲು ಸುತ್ತು ಸಡಿಲ ಇರಲಿ. ಉಳಿದಿರುವ ಸಕ್ಕರೆಯಿಂದ ಗ್ಯಾಸ್ ಇನ್ನೂ ಬರುತ್ತಿರುತ್ತದೆ, ಬಿಗಿ ಮುಚ್ಚಿದ ಗಾಜಿನ ಜಾಡಿ ಒತ್ತಡಕ್ಕೆ ಒಡೆಯಬಹುದು.